ಪೋಡಿನ ಸಭೆಗೆ ಯಾರ ಅಪ್ಪಣೆ ಬೇಕು?

ಹೋದ ತಿಂಗಳು ಪಾಲುಪಟ್ಟಿಯ ಪ್ರಶ್ನೆಯೊಂದಕ್ಕೆ ಉತ್ತರಿಸುವಾಗ, ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಇಂಥ ಪತ್ರಗಳ ಗೋಜೇ ಇರಲಿಲ್ಲ, ಕಾಡಿನ ಎಲ್ಲೆಗಳನ್ನು ಅವರ ಕುಲಗಳೇ ನೋಡಿಕೊಳ್ಳುತ್ತಿದ್ದವು ಎಂದು ಒಂದೇ ಒಂದು ಸಾಲು ಬರೆದಿದ್ದೆ. ಆ ಸಾಲಿಗೆ ಬಂದಷ್ಟು ಪತ್ರಗಳು ನನ್ನ ಪಾಲುಪಟ್ಟಿಯ ಪಾಂಡಿತ್ಯಕ್ಕೆ ಎಂದೂ ಬಂದಿಲ್ಲ. ಆದ್ದರಿಂದ ಈ ಸಲ ಜೀವನಾಂಶ, ಖಾತೆ ಬದಲಾವಣೆ, ಚೆಕ್ ಬೌನ್ಸ್ ಎಲ್ಲಕ್ಕೂ ರಜೆ. ನಾನು ಇತಿಹಾಸಕಾರಳಲ್ಲ, ಚಾಮರಾಜನಗರ, ಕೊಳ್ಳೇಗಾಲಗಳ ನ್ಯಾಯಾಲಯಗಳಲ್ಲಿ ಕರಿಕೋಟು ಸವೆಸಿದ ವಕೀಲೆ. ಉತ್ತರಗಳಲ್ಲಿ ವಕೀಲಿಕೆಯ ವಾಸನೆ ಬಂದರೆ ಸಹಿಸಿಕೊಳ್ಳಿ.

ಪ್ರಶ್ನೆ: ಮೈಸೂರು ಅರಸರ ರಾಜ್ಯ, ಬ್ರಿಟಿಷರದಲ್ಲ. ಹಾಗಿರುವಾಗ ಇಲ್ಲಿನ ಆದಿವಾಸಿಗಳು ವಸಾಹತುಶಾಹಿಗೆ ಸಿಕ್ಕಿದರು ಎನ್ನುವುದು ಉತ್ಪ್ರೇಕ್ಷೆಯಲ್ಲವೇ? — ಇತಿಹಾಸದ ವಿದ್ಯಾರ್ಥಿ, ಮೈಸೂರು

ಪಠ್ಯಪುಸ್ತಕದಲ್ಲಿ ರಾಜರ ಚಿತ್ರಗಳನ್ನು ಮಾತ್ರ ನೋಡಿದರೆ ಹಾಗೆಯೇ ಅನಿಸುತ್ತದೆ. 1831ರಿಂದ 1881ರವರೆಗೆ ಮೈಸೂರನ್ನು ನಡೆಸಿದವರು ಬ್ರಿಟಿಷ್ ಕಮಿಷನರುಗಳು. ಅರಣ್ಯ ಇಲಾಖೆ ಹುಟ್ಟಿದ್ದು ಆ ಐವತ್ತು ವರ್ಷಗಳ ನಡುವೆ, 1864ರಲ್ಲಿ. 1881ರಲ್ಲಿ ರಾಜ್ಯ ಅರಸರಿಗೆ ಮರಳಿತು. ಇಲಾಖೆ, ಅದರ ಕಾನೂನಿನ ಅಚ್ಚು, ಕಾಡನ್ನು ನೋಡುವ ಅದರ ಕಣ್ಣು ಯಾವುದೂ ಬದಲಾಗಲಿಲ್ಲ. 1900ರ ಮೈಸೂರು ಅರಣ್ಯ ರೆಗ್ಯುಲೇಷನ್ ಕೂಡ ಅದೇ ಅಚ್ಚಿನಲ್ಲಿ ಬಂದದ್ದು.

ಇನ್ನು ಬೆಟ್ಟದ ಪೂರ್ವದ ಮಗ್ಗುಲಿಗೆ ಬನ್ನಿ. ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಅಲ್ಲಿ ನಡೆಯುತ್ತಿದ್ದುದು 1882ರ ಮದ್ರಾಸ್ ಅರಣ್ಯ ಕಾಯ್ದೆ. ಯಳಂದೂರು 1807ರಲ್ಲಿಯೇ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಹೋಗಿತ್ತು. ಹೀಗೆ ಒಂದೇ ಬೆಟ್ಟದ ಸೋಲಿಗರಲ್ಲಿ ಕೆಲವರು ಮೈಸೂರಿನ ಪ್ರಜೆಗಳು, ಕೆಲವರು ಜಹಗೀರಿನವರು, ಕೆಲವರು ನೇರವಾಗಿ ಇಂಗ್ಲೆಂಡಿನ ರಾಣಿಯ ಪ್ರಜೆಗಳು. ಭಾಗ ಮಾಡಿದವರು ಯಾರೂ ಅವರನ್ನು ಕೇಳಲಿಲ್ಲ. ಹೆಣ್ಣು ಕೊಟ್ಟು ತರುವಾಗ ಸೋಲಿಗರು ನೋಡುತ್ತಿದ್ದುದು ಕುಲವನ್ನು. ಮದ್ರಾಸೋ ಮೈಸೂರೋ ಎಂದಲ್ಲ.

ಅದಕ್ಕೂ ಹಿಂದಿನ ಅರಸರು, ಪಾಳೆಯಗಾರರು ಸಂತರಾಗಿದ್ದರು ಎಂದು ನಾನು ಹೇಳುವುದಿಲ್ಲ. ಅವರಿಗೆ ಆನೆ ಬೇಕಿತ್ತು, ಗಂಧ ಬೇಕಿತ್ತು. ಶ್ರೀಗಂಧ ರಾಜವೃಕ್ಷ ಎಂದು 1792ರಲ್ಲಿ ಸಾರಿದವನು ಟಿಪ್ಪು. ಆದರೆ ಯಾವ ಇಳುಕಲಿನಲ್ಲಿ ಈ ವರ್ಷ ರಾಗಿ ಚೆಲ್ಲಬೇಕು, ಯಾವುದನ್ನು ಬೀಳುಬಿಡಬೇಕು, ಯಾವ ಹಳ್ಳದ ಸುತ್ತ ಕತ್ತಿ ಆಡಿಸಬಾರದು ಎಂಬುದನ್ನು ಅರಮನೆ ಹೇಳುತ್ತಿರಲಿಲ್ಲ. ಪೋಡಿನ, ಎಂದರೆ ಸೋಲಿಗರ ಊರಿನ, ಯಜಮಾನ, ಪಟ್ಟಗಾರ, ಕೋಲುಕಾರ, ಸುತ್ತ ಕುಳಿತ ಹಿರಿಯರು ಹೇಳುತ್ತಿದ್ದರು. ಒಂದೊಂದು ಕುಲಕ್ಕೂ ಒಂದೊಂದು ಎಲ್ಲೆ. ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ, ಎಂದರೆ ಪೂಜೆಯ ನೆಲೆಗಳು, ಸತ್ತವರ ನೆಲೆ, ನೀರಿನ ನೆಲೆ. ಮೇಲುಕೋಟೆ, ನಂಜನಗೂಡುಗಳಿಂದ ಬಂದವರಿಗೆ ಬಿಳಿಗಿರಿರಂಗನಾಥ ಸ್ವಾಮಿ; ಸೋಲಿಗರಿಗೆ ಅವನು ಭಾವ, ಅವರ ಕುಸುಮಾಲೆಯನ್ನು ಕೈಹಿಡಿದವನು. ಈ ಏರ್ಪಾಟನ್ನು ಯಾರೂ ಸಂವಿಧಾನ ಎಂದು ಕರೆಯಲಿಲ್ಲ. ನನ್ನ ಲೆಕ್ಕದಲ್ಲಿ ಅದು ಆಡಳಿತವೇ.

ಮೀಸಲು ಅರಣ್ಯದ ಕಾನೂನು ಇದನ್ನು ಮುರಿದ ರೀತಿ ಬಹಳ ಸದ್ದಿಲ್ಲದ್ದು. ಸರ್ಕಾರ ಒಂದು ಪ್ರಕಟಣೆ ಹೊರಡಿಸುತ್ತದೆ: ಈ ಗಡಿಯೊಳಗೆ ಯಾರಿಗಾದರೂ ಹಕ್ಕಿದ್ದರೆ ಇಷ್ಟು ತಿಂಗಳೊಳಗೆ ಬಂದು ಹೇಳಿ. ಬಾರದವರ ಹಕ್ಕು ಅಲ್ಲಿಗೆ ಮುಗಿಯಿತು. ಓದು ಬಾರದ, ಕಚೇರಿ ಕಾಣದ ಜನ ಅರ್ಜಿ ಹಾಕಲಿಲ್ಲ. ಕಾನೂನಿನ ಕಣ್ಣಿನಲ್ಲಿ ಅವರಿಗೆ ಏನೂ ಇರಲಿಲ್ಲ ಎಂದಾಯಿತು. ಬಂದೂಕು ಹಿಡಿದು ಬಂದ ವಸಾಹತುಶಾಹಿಯ ಬಗ್ಗೆ ನಾವು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆಯುತ್ತೇವೆ. ನೋಟಿಸು ಹಿಡಿದು ಬಂದದ್ದಕ್ಕೆ ಒಂದು ಅಂಕದ ಪ್ರಶ್ನೆಯೂ ಇಲ್ಲ.

1947ಕ್ಕೆ ಇದು ನಿಲ್ಲಲಿಲ್ಲ ಎಂಬುದನ್ನೂ ಬರೆದುಕೊಳ್ಳಿ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರದ್ದು. ಬೆಟ್ಟ ಅಭಯಾರಣ್ಯವಾದದ್ದು 1974ರಲ್ಲಿ. ಗುದ್ದಲಿ ಬೇಸಾಯ ನಿಂತು ಪೋಡುಗಳು ಕಾಲೋನಿಗಳಾದದ್ದು ನಮ್ಮದೇ ಧ್ವಜದ ಕೆಳಗೆ.

ಪ್ರಶ್ನೆ: ಮೂವತ್ತು ವರ್ಷ ಅರಣ್ಯ ಇಲಾಖೆಯಲ್ಲಿ ದುಡಿದವನು ನಾನು. ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಇಡುವವರ ಕೈಗೇ ಕಾಡಿನ ಆಡಳಿತ ಕೊಡಬೇಕೆನ್ನುತ್ತೀರಾ? ಭಾವುಕತೆಗೂ ಮಿತಿ ಬೇಡವೇ? — ನಿವೃತ್ತ ವಲಯ ಅರಣ್ಯಾಧಿಕಾರಿ, ಹುಣಸೂರು

ಸ್ವಾಮಿ, ನಿಮ್ಮ ಪತ್ರದ ಕೋಪ ನನಗೆ ಇಷ್ಟವಾಯಿತು. ಕಾಡಿಗೆ ಬೆಂಕಿ ಬಿದ್ದಾಗ ಸೊಪ್ಪು ಹಿಡಿದು ಬಡಿದವರಿಗೆ ಮಾತ್ರ ಅಂಥ ಕೋಪ ಬರುತ್ತದೆ. ಆದರೆ ಯಾವ ಬೆಂಕಿ, ಯಾವ ತಿಂಗಳ ಬೆಂಕಿ ಎಂದು ಕೇಳಲು ಅವಕಾಶ ಕೊಡಿ.

ಸೋಲಿಗರು ಹೇಳುವುದು ತರಗು ಬೆಂಕಿಯ ಬಗ್ಗೆ. ಜನವರಿ, ಫೆಬ್ರುವರಿಯಲ್ಲಿ, ನೆಲದಲ್ಲಿ ಇನ್ನೂ ತಂಪು ಉಳಿದಿರುವಾಗ, ಉದುರಿದ ಎಲೆಗೆ ಸಣ್ಣ ಸಣ್ಣ ತುಂಡುಗಳಲ್ಲಿ ಇಡುವ ಬೆಂಕಿ ಅದು. ಮೊಣಕಾಲು ದಾಟುವುದಿಲ್ಲ, ತರಗು ತಿಂದು, ಹುಲ್ಲಿಗೆ ದಾರಿ ಮಾಡಿ, ಆರಿಹೋಗುತ್ತದೆ. ಏಪ್ರಿಲ್‌ನಲ್ಲಿ ಬೀಳುವ ಬೆಂಕಿ ಬೇರೆಯೇ ಜಾತಿಯದು. ಅದು ಮರವನ್ನೂ ಬಿಡುವುದಿಲ್ಲ, ಗೂಡನ್ನೂ ಬಿಡುವುದಿಲ್ಲ. 1963ರ ಕರ್ನಾಟಕ ಅರಣ್ಯ ಕಾಯ್ದೆಗೆ ಎರಡೂ ಒಂದೇ ಅಪರಾಧ. ಅಭಯಾರಣ್ಯವಾದ ಮೇಲೆ ತರಗು ಬೆಂಕಿ ನಿಂತಿತು.

ನಿಂತ ಮೇಲೆ ಏನಾಯಿತು ಎಂಬುದಕ್ಕೆ ನೀವೇ ಸಾಕ್ಷಿ. ನಮ್ಮ ಬೆಟ್ಟದ ಕೆ. ಗುಡಿಗೆ ಹೋಗುವ ದಾರಿಯಲ್ಲಾಗಲಿ, ನಿಮ್ಮ ಹುಣಸೂರಿನ ಮೇಲುಗಡೆಯಾಗಲಿ, ಜೀಪಿನಿಂದ ಕಾಣುವುದು ಕಾಡೋ ಲಂಟಾನವೋ? ಆ ಲಂಟಾನ ಬ್ರಿಟಿಷರು ತೋಟದ ಅಂದಕ್ಕೆಂದು ತಂದ ಗಿಡ. ಅವರು ಹೋದರು, ಅದು ಹೋಗಲಿಲ್ಲ. ಬಿಳಿಗಿರಿರಂಗನ ಬೆಟ್ಟದಲ್ಲಿ ಸಂಶೋಧಕರು ಅಳೆದು ನೋಡಿದಾಗ 1997ರಿಂದ 2008ರೊಳಗೆ ಅದರ ಹರಡುವಿಕೆ ಸುಮಾರು ಎರಡು ಪಟ್ಟಾಗಿತ್ತು. ಬೆಂಕಿ ಇದ್ದಾಗ ಲಂಟಾನದ ಎಳೆ ಸಸಿ ಸಾಯುತ್ತಿತ್ತು, ನೆಲ್ಲಿಮರದ ಬಂದಳಿಕೆಯೂ ಹತೋಟಿಯಲ್ಲಿರುತ್ತಿತ್ತು ಎಂದು ಸೋಲಿಗ ಹಿರಿಯರು ಮೊದಲಿನಿಂದಲೂ ಹೇಳಿಕೊಂಡು ಬಂದಿದ್ದಾರೆ. ನೆಲ್ಲಿ ಸಾಯುವುದಕ್ಕೆ ಅವರು ಕಾಯಿ ಕಿತ್ತದ್ದೇ ಕಾರಣ ಎಂದು ಕಚೇರಿಗಳಲ್ಲಿ ನಂಬಿದ್ದ ಕಾಲದಲ್ಲಿ, ಬಂದಳಿಕೆ ನೋಡಿ ಎಂದು ತೋರಿಸಿದವರು ಅವರೇ. ಸಂಶೋಧಕರು ಆ ಮೇಲೆ ಅದನ್ನು ಪರೀಕ್ಷಿಸಿ ಬರೆದರು.

ಇಲ್ಲೊಂದು ತಗಾದೆ ನಾನೇ ಎತ್ತುತ್ತೇನೆ. ಈಗ ಲಂಟಾನ ಆಳೆತ್ತರ ಬೆಳೆದಿರುವಾಗ ಹಳೆಯ ತರಗು ಬೆಂಕಿಯನ್ನು ಹಾಗೆಯೇ ಇಟ್ಟರೆ ಅದು ಏಪ್ರಿಲ್ ಬೆಂಕಿಯೇ ಆಗುತ್ತದೆ. ಇದು ಪೋಡುಗಳವರಿಗೂ ಗೊತ್ತು. ಆದ್ದರಿಂದ ಬೆಂಕಿ ಬೇಕೋ ಬೇಡವೋ ಎಂಬುದಕ್ಕಿಂತ ಮೊದಲು, ಎಲ್ಲಿ, ಯಾವಾಗ, ಮೊದಲು ಕಡಿದು ಆಮೇಲೆ ಸುಡುವುದೋ ಎಂಬುದನ್ನು ತೀರ್ಮಾನಿಸುವ ಸಭೆಯಲ್ಲಿ ಯಾರು ಕೂರುತ್ತಾರೆ ಎಂಬುದು ಮುಖ್ಯ. ನೀವೂ ಕುಳಿತುಕೊಳ್ಳಿ. ಕಾಡಿನಲ್ಲಿ ಬದುಕುವವರ ಹಕ್ಕನ್ನು ಒಪ್ಪುವ 2006ರ ಅರಣ್ಯ ಹಕ್ಕು ಕಾಯ್ದೆಯ 5ನೇ ಕಲಮು ವನ್ಯಜೀವಿ, ಕಾಡು, ನೀರಿನ ಮೂಲಗಳನ್ನು ಕಾಯುವ ಅಧಿಕಾರವನ್ನು ಗ್ರಾಮಸಭೆಗೆ ಕೊಡುತ್ತದೆ. ನಿಮ್ಮ ಇಲಾಖೆಯನ್ನು ಹೊರಗಟ್ಟಿ ಎಂದು ಎಲ್ಲಿಯೂ ಹೇಳುವುದಿಲ್ಲ. ಕುರ್ಚಿಗಳ ಸ್ಥಾನ ಮಾತ್ರ ಬದಲಾಗುತ್ತದೆ. ನಿಮ್ಮ ಕೋಪದಲ್ಲಿ ಅದರದೂ ಒಂದು ಪಾಲಿದೆಯೇನೋ ಎಂಬ ಗುಮಾನಿ ನನ್ನದು.

ಪ್ರಶ್ನೆ: ಭಾರತದಲ್ಲಿ ಎಲ್ಲರೂ ಮೂಲನಿವಾಸಿಗಳೇ. ಕೆಲವರಿಗೆ ಮಾತ್ರ ಆ ಪಟ್ಟ ಏಕೆ? — ಓದುಗರು, ಬೆಂಗಳೂರು

ನಮ್ಮ ಸರ್ಕಾರವೂ ನಿಮ್ಮ ಹಾಗೆಯೇ ಹೇಳುತ್ತದೆ. ಮೂಲನಿವಾಸಿಗಳ ಹಕ್ಕುಗಳ ಘೋಷಣೆಗೆ 2007ರ ಸೆಪ್ಟೆಂಬರ್ 13ರಂದು ವಿಶ್ವಸಂಸ್ಥೆಯಲ್ಲಿ 144 ದೇಶಗಳು ಒಪ್ಪಿಗೆ ಕೊಟ್ಟವು, ಭಾರತವೂ ಕೊಟ್ಟಿತು. ಆದರೆ ನಮ್ಮಲ್ಲಿ ಎಲ್ಲರೂ ಮೂಲನಿವಾಸಿಗಳೇ ಎಂಬ ನಿಲುವನ್ನು ಬಿಡಲಿಲ್ಲ. ಎಲ್ಲರ ಹಕ್ಕು ಎಂದರೆ ಯಾರಿಗೂ ಕೊಡಬೇಕಾಗಿಲ್ಲ, ಜಾಣ ಒಪ್ಪಿಗೆ. ಐದು ಸಾವಿರ ವರ್ಷಗಳ ಹಿಂದೆ ಯಾರು ಎಲ್ಲಿದ್ದರು ಎಂಬ ತಕರಾರಿಗೆ ನಾನು ವಕಾಲತ್ತು ಹಾಕುವುದಿಲ್ಲ. ನಿಮ್ಮ ತಾತನ ಹೊಲಕ್ಕೆ ಸರ್ಕಾರ ಪಹಣಿ ಕೊಟ್ಟಿತೇ, ಅವರ ತಾತನಿಗೆ ದಂಡದ ರಸೀದಿ ಕೊಟ್ಟಿತೇ? ಅಷ್ಟು ನೋಡಿದರೆ ನನಗೆ ಸಾಕು.

ಪ್ರಶ್ನೆ: ಜಾರ್ಖಂಡ್, ಛತ್ತೀಸ್‌ಗಢಗಳಲ್ಲಿ ‘ಪೆಸಾ’ ಎಂಬ ಕಾನೂನಿನಡಿ ಆದಿವಾಸಿ ಗ್ರಾಮಸಭೆಗಳಿಗೆ ವಿಶೇಷ ಅಧಿಕಾರವಿದೆಯಂತೆ. ಕರ್ನಾಟಕದಲ್ಲಿ ಏಕಿಲ್ಲ? — ಪ್ರೌಢಶಾಲಾ ಶಿಕ್ಷಕಿ, ಹೆಗ್ಗಡದೇವನಕೋಟೆ

ಟೀಚರ್, ಇದರ ಬೇರು ಛೋಟಾನಾಗಪುರದಲ್ಲಿದೆ. ಅಲ್ಲಿನ ಮುಂಡಾ ಜನರಲ್ಲಿ ಕಾಡು ಕಡಿದು ಊರು ಕಟ್ಟಿದ ವಂಶದವರಿಗೆ ಆ ಊರಿನ ನೆಲ ಒಟ್ಟಾಗಿ ಸೇರುತ್ತಿತ್ತು. ಅದಕ್ಕೆ ಖೂಂಟ್‌ಕಟ್ಟಿ ಎನ್ನುತ್ತಾರೆ. ಹೊರಗಿನ ಜಮೀನ್ದಾರರು, ಗುತ್ತಿಗೆದಾರರು ಕಂಪನಿ ಸರ್ಕಾರದ ಕೋರ್ಟುಗಳ ಬಲದಿಂದ ಅದನ್ನು ನುಂಗುತ್ತಾ ಬಂದರು. 1831-32ರಲ್ಲಿ ಕೋಲ್ ಆದಿವಾಸಿಗಳ ದಂಗೆ, 1855ರಲ್ಲಿ ಸಿದೋ-ಕಾನ್ಹೂರ ಮುಂದಾಳ್ತನದಲ್ಲಿ ಸಂತಾಲರ ಹೂಲ್, ಶತಮಾನದ ಕೊನೆಯಲ್ಲಿ ಬಿರ್ಸಾ ಮುಂಡಾರ ಉಲ್ಗುಲಾನ್, ಎಲ್ಲವೂ ಬಂಡಾಯಗಳೇ. ಬಿರ್ಸಾ 1900ರ ಜೂನ್ 9ರಂದು ರಾಂಚಿ ಜೈಲಿನಲ್ಲಿ ತೀರಿಕೊಂಡಾಗ ಇಪ್ಪತ್ತೈದು ತುಂಬಿರಲಿಲ್ಲ. ಎಂಟು ವರ್ಷಗಳ ಮೇಲೆ, 1908ರಲ್ಲಿ, ಆದಿವಾಸಿ ಜಮೀನು ಪರರ ಪಾಲಾಗದಂತೆ ತಡೆಯುವ ಛೋಟಾನಾಗಪುರ ಗೇಣಿ ಕಾಯ್ದೆ ಬಂತು. ದಂಗೆಯೆದ್ದ ಸೀಮೆಗಳಿಗೆ ಬ್ರಿಟಿಷರು ಬೇರೆಯದೇ ಕಾನೂನಿನ ಬೇಲಿ ಹಾಕುತ್ತಾ ಹೋದರು. 1935ರ ಭಾರತ ಸರ್ಕಾರ ಕಾಯ್ದೆಯಲ್ಲಿ ಅವು ‘ಹೊರಗಿಟ್ಟ’ ಮತ್ತು ‘ಭಾಗಶಃ ಹೊರಗಿಟ್ಟ’ ಪ್ರದೇಶಗಳಾದವು. ಸಂವಿಧಾನದ ಐದನೆಯ ಪರಿಚ್ಛೇದ ಹೆಚ್ಚುಕಡಿಮೆ ಆ ಬೇಲಿಯ ಜಾಡಿನಲ್ಲೇ ಎದ್ದಿತು. ಆ ಪರಿಚ್ಛೇದದ ಪ್ರದೇಶಗಳಿಗೆ 1996ರಲ್ಲಿ, ದಿಲೀಪ್ ಸಿಂಗ್ ಭೂರಿಯಾ ಸಮಿತಿಯ ಶಿಫಾರಸಿನ ಮೇಲೆ ಬಂದದ್ದು ಪೆಸಾ. ಹತ್ತು ರಾಜ್ಯಗಳಲ್ಲಿ ಅಂಥ ಪ್ರದೇಶಗಳಿವೆ. ಕರ್ನಾಟಕ, ಕೇರಳ, ತಮಿಳುನಾಡುಗಳಲ್ಲಿ ಒಂದು ಅಂಗುಲವೂ ಇಲ್ಲ.

ರಾಜರ ಸಂಸ್ಥಾನವಾಗಿದ್ದರಿಂದ ಮೈಸೂರಿಗೆ ತಪ್ಪಿತು ಎಂದು ಕೆಲವರು ಹೇಳುವುದುಂಟು. ಅರ್ಧ ಸತ್ಯ. ಹೈದರಾಬಾದೂ ಸಂಸ್ಥಾನವೇ, ಅಲ್ಲಿ 1940ರಲ್ಲಿ ಗೋಂಡರ ಕೊಮರಂ ಭೀಮ್ ಜೋಡೇಘಾಟ್‌ನಲ್ಲಿ ಹೋರಾಡಿ ಸತ್ತ ಮೇಲೆ ಸರ್ಕಾರಕ್ಕೆ ಎಚ್ಚರವಾಯಿತು, ಆದಿಲಾಬಾದ್ ಮುಂದೆ ಐದನೆಯ ಪರಿಚ್ಛೇದದ ಪಟ್ಟಿಗೆ ಸೇರಿತು. ನಮ್ಮ ಜೇನುಕುರುಬರು, ಬೆಟ್ಟಕುರುಬರು, ಯರವರು, ಸೋಲಿಗರು ಸಂಖ್ಯೆಯಲ್ಲಿ ಸಣ್ಣವರು, ಚದುರಿದವರು. ದಂಗೆ ಏಳುವ ಬದಲು ಇನ್ನೂ ಒಳಗಿನ ಕಾಡಿಗೆ ಸರಿದರು. ಸರ್ಕಾರದ ಕಿವಿಗೆ ಬಿದ್ದದ್ದು ದಂಗೆಯ ಸದ್ದು ಮಾತ್ರ.

ಮಕ್ಕಳಿಗೆ ಪಾಠ ಮಾಡುವವರು ನೀವು, ಜೈಪಾಲ್ ಸಿಂಗ್ ಮುಂಡಾ ಬಗ್ಗೆ ಒಂದು ಪೀರಿಯಡ್ಡು ಮಾಡಿ. 1928ರ ಆಮ್‌ಸ್ಟರ್‌ಡ್ಯಾಂ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಹಾಕಿ ತಂಡದ ನಾಯಕ ಎಂದು ಶುರು ಮಾಡಿದರೆ ಕೊನೆಯ ಬೆಂಚೂ ಕೇಳಿಸಿಕೊಳ್ಳುತ್ತದೆ. ಸಂವಿಧಾನ ಸಭೆಯಲ್ಲಿ 1946ರ ಡಿಸೆಂಬರ್ 19ರಂದು ಎದ್ದುನಿಂತು, ಆದಿವಾಸಿಗಳಿಗೆ ನೀವು ಪ್ರಜಾಪ್ರಭುತ್ವ ಕಲಿಸಲಾರಿರಿ, ಅವರಿಂದ ನೀವೇ ಕಲಿಯಬೇಕು ಎಂದು ಹೇಳಿದವರು ಅವರು.

ಪೆಸಾ ಇಲ್ಲ ಎಂದು ಕೈಕಟ್ಟಿ ಕೂರುವ ಅಗತ್ಯವೂ ಇಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಇಡೀ ದೇಶಕ್ಕೆ ಅನ್ವಯಿಸುತ್ತದೆ. ಒಡಿಶಾದ ನಿಯಮಗಿರಿಯಲ್ಲಿ ಬಾಕ್ಸೈಟ್ ಗಣಿ ಬೇಕೇ ಎಂಬುದನ್ನು ಗ್ರಾಮಸಭೆಗಳೇ ನಿರ್ಧರಿಸಲಿ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದಾಗ ಈ ಕಾಯ್ದೆಯನ್ನೇ ಮುಖ್ಯವಾಗಿ ಆಧರಿಸಿತು. ಹನ್ನೆರಡು ಊರುಗಳ ಸಭೆಗಳಲ್ಲಿ ಹನ್ನೆರಡೂ ಬೇಡ ಎಂದವು. ಮಹಾರಾಷ್ಟ್ರದ ಗಡಚಿರೋಲಿಯ ಮೇಂಢಾ-ಲೇಖಾ ತನ್ನ ಕಾಡಿನ ಬಿದಿರನ್ನು ತಾನೇ ಕಡಿದು, ತಾನೇ ಸಾಗಣೆಯ ರಹದಾರಿ ಬರೆದು ಮಾರಿತು. ದಿಲ್ಲಿ, ಮುಂಬೈಗಳಲ್ಲಿ ನಮ್ಮ ಸರ್ಕಾರ, ನಮ್ಮೂರಲ್ಲಿ ನಾವೇ ಸರ್ಕಾರ ಎಂಬುದು ಆ ಊರಿನ ಘೋಷಣೆ. ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲಿ 2011ರ ಅಕ್ಟೋಬರ್‌ನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು, ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ದೇಶದಲ್ಲೇ ಮೊದಲ ಸಲ. ಅದಕ್ಕೆ ಮುಂಚೆ, 2006ರ ಹೊತ್ತಿಗೆ, ಜೇನು, ನೆಲ್ಲಿ, ಪಾಚಿ ಕೊಯ್ದು ಮಾರುವುದನ್ನೇ ನಿಷೇಧಿಸಿ ಲ್ಯಾಂಪ್ಸ್ ಎಂಬ ಆದಿವಾಸಿ ಸಹಕಾರ ಸೊಸೈಟಿಗಳ ಗೋದಾಮುಗಳಿಗೆ ಬೀಗ ಬೀಳುವಂತೆ ಮಾಡಲಾಗಿತ್ತು. ಆ ಐದು ವರ್ಷಗಳಲ್ಲಿ ಎಷ್ಟು ಜನ ಕೊಡಗಿನ, ಕೇರಳದ ಕಾಫಿ, ಶುಂಠಿ ಕೆಲಸಕ್ಕೆ ಬಸ್ಸು ಹತ್ತಿದರು ಎಂದು ಯಾರೂ ದಾಖಲೆ ಇಡಲಿಲ್ಲ.

ಪ್ರಶ್ನೆ: ಇಲ್ಲಿ ಯಾವುದೇ ಸಭೆ ಆರಂಭವಾಗುವ ಮೊದಲು ‘ಇದು ಮಸ್ಕ್ವಿಯಮ್, ಸ್ಕ್ವಾಮಿಶ್, ತ್ಸ್ಲೇವಾಟೂತ್ ಜನರು ಎಂದೂ ಬಿಟ್ಟುಕೊಡದ ನೆಲ’ ಎಂದು ಹೇಳುತ್ತಾರೆ. ನಮ್ಮ ಕನ್ನಡ ಸಂಘದ ರಾಜ್ಯೋತ್ಸವದಲ್ಲೂ ಹೇಳಬೇಕೇ? ಅದರಿಂದ ಅವರಿಗೇನು ಲಾಭ? — ವ್ಯಾಂಕೂವರ್‌ನ ಕನ್ನಡತಿ

ಹೇಳಿ, ನಾಲಗೆ ಸವೆಯುವುದಿಲ್ಲ. ಲಾಭ ಏನೆಂದು ಕೇಳಿದರೆ, ಬರಿಯ ಮಾತಿನಿಂದ ಏನೂ ಇಲ್ಲ. ಆದರೆ ನೀವಿರುವ ಪ್ರಾಂತ್ಯದಲ್ಲಿ ಈ ಮಾತಿನ ಹಿಂದೆ ನೂರು ವರ್ಷಗಳಿಗೂ ಮೀರಿದ ಕೋರ್ಟು ಅಲೆದಾಟವಿದೆ, ಅದನ್ನು ತಿಳಿದುಕೊಂಡು ಹೇಳಿ. ಬ್ರಿಟಿಷ್ ಕೊಲಂಬಿಯಾದ ಬಹುಪಾಲು ನೆಲಕ್ಕೆ ಒಪ್ಪಂದವೇ ಆಗಿರಲಿಲ್ಲ. ಬಂದು ಕೂತರು, ಅಷ್ಟೇ. ಉತ್ತರದ ನಾಸ್ ಕಣಿವೆಯ ನಿಸ್ಗಾ ಮುಖಂಡರು 1887ರಲ್ಲಿಯೇ ರಾಜಧಾನಿ ವಿಕ್ಟೋರಿಯಾಕ್ಕೆ ಹೋಗಿ ನಮ್ಮ ನೆಲದ ವಿಚಾರ ಇತ್ಯರ್ಥ ಮಾಡಿ ಎಂದರು. ಇತ್ಯರ್ಥದ ಬದಲು ಸಿಕ್ಕಿದ್ದು ಕಾನೂನು: ಅವರ ಪಾಟ್‌ಲ್ಯಾಚ್ ಎಂಬ ಉಡುಗೊರೆ ಸಮಾರಂಭವೇ 1885ರಿಂದ 1951ರವರೆಗೆ ಅಪರಾಧ, 1927ರಿಂದ 1951ರವರೆಗೆ ಭೂಮಿಯ ಹಕ್ಕಿಗಾಗಿ ಚಂದಾ ಎತ್ತುವುದು, ವಕೀಲರನ್ನು ಇಡುವುದು ಕೂಡ ಅಪರಾಧ. ನನ್ನ ಕಸುಬಿನವರಿಗೆ ಶುಲ್ಕ ಕೊಟ್ಟರೆ ಶಿಕ್ಷೆ ಎಂಬ ಕಾನೂನನ್ನು ನಾನು ಬೇರೆಲ್ಲೂ ಓದಿಲ್ಲ.

ಅದೇ ನಿಸ್ಗಾ ಜನರ ಫ್ರಾಂಕ್ ಕಾಲ್ಡರ್ ಹೂಡಿದ ಮೊಕದ್ದಮೆಯಲ್ಲಿ 1973ರಲ್ಲಿ ಕೆನಡಾದ ಸುಪ್ರೀಂ ಕೋರ್ಟು, ವಸಾಹತು ಬರುವ ಮೊದಲೇ ಅವರಿಗೆ ನೆಲದ ಒಡೆತನವಿತ್ತು ಎಂದು ಒಪ್ಪಿತು. ಮೊಕದ್ದಮೆ ಮಾತ್ರ ತಾಂತ್ರಿಕ ಕಾರಣಕ್ಕೆ ಬಿದ್ದುಹೋಯಿತು. ಒಪ್ಪಂದ ಜಾರಿಗೆ ಬಂದದ್ದು 2000ದಲ್ಲಿ. ಸುಮಾರು 2,000 ಚದರ ಕಿಲೋಮೀಟರು ನೆಲ, ಸ್ವಂತ ಶಾಸನಸಭೆ. ಹಳೆಯ ಸೀಮೆಯ ಹತ್ತರಲ್ಲಿ ಒಂದು ಪಾಲೂ ಅಲ್ಲ ಅದು, ಆದರೂ ಪಡೆದದ್ದು ನಿಜವಾದ ಸರ್ಕಾರ. 2024ರಲ್ಲಿ ಹೈಡಾ ಜನರ ದ್ವೀಪಗಳ ಮೇಲೆ ಅವರ ಒಡೆತನವನ್ನು ಪ್ರಾಂತ್ಯ ಸರ್ಕಾರ ಒಪ್ಪಂದದ ಮೂಲಕವೇ ಒಪ್ಪಿಕೊಂಡಿತು.

ನನಗೆ ಮರೆಯಲಾಗದ್ದು ಗಿಟ್‌ಕ್ಸಾನ್ ಮತ್ತು ವೆಟ್ಸುವೆಟೆನ್ ಜನರ ದೆಲ್ಗಮುಕ್ ಮೊಕದ್ದಮೆ. ಸಾಕ್ಷಿಕಟ್ಟೆಯಲ್ಲಿ ಹಿರಿಯಳೊಬ್ಬಳು ತನ್ನ ಮನೆತನದ ನೆಲದ ಕಥೆಯನ್ನು ಹಾಡಿಯೇ ಹೇಳಬೇಕು ಎಂದಳು. ನನಗೆ ಸಂಗೀತದ ಕಿವಿಯಿಲ್ಲ, ಹಾಡಿ ಪ್ರಯೋಜನವಿಲ್ಲ ಎಂದರು ನ್ಯಾಯಾಧೀಶರು. ಅವಳು ಹಾಡಿದಳು, ಆದರೆ 1991ರ ತೀರ್ಪು ಅವರ ವಿರುದ್ಧವೇ ಬಂತು. 1997ರಲ್ಲಿ ಸುಪ್ರೀಂ ಕೋರ್ಟು ಅದನ್ನು ಪಕ್ಕಕ್ಕಿಟ್ಟು, ಬಾಯಿಮಾತಿನ ಇತಿಹಾಸಕ್ಕೂ ಸಾಕ್ಷ್ಯದ ತೂಕ ಕೊಡಬೇಕು ಎಂದಿತು. ನಮ್ಮ ಅರಣ್ಯ ಹಕ್ಕು ನಿಯಮಗಳ 13ನೆಯ ನಿಯಮವೂ ಹಿರಿಯರ ಹೇಳಿಕೆಯನ್ನು, ಸ್ಮಶಾನವನ್ನು, ದೇವರ ಮರವನ್ನು ಸಾಕ್ಷ್ಯವೆಂದು ಒಪ್ಪುತ್ತದೆ. ಕಾಗದದಲ್ಲಿ ನಾವು ಹಿಂದೆ ಬಿದ್ದಿಲ್ಲ. ಆದರೆ ಅಲ್ಲಿ ತೆರಿಗೆ, ಶಾಲೆ, ಮೀನುಗಾರಿಕೆಗಳ ಮೇಲೆ ಶಾಸನ ಮಾಡುವ ಸರ್ಕಾರ ಹುಟ್ಟಿದೆ. ಇಲ್ಲಿ ಪೋಡಿನ ಸಭೆ ನಡಾವಳಿ ಬರೆದು ಮೊಹರಿಗೆ ಕಾಯುತ್ತದೆ. ನಿಮ್ಮ ಸಂಘದವರು ಮೂರು ಹೆಸರು ಓದಿದ ಮೇಲೆ ಆ ಮೂರು ಜನಾಂಗಗಳಲ್ಲಿ ಯಾರನ್ನಾದರೂ ಊಟಕ್ಕೆ ಕರೆದು ಮಾತನಾಡಿಸಿ ಎಂದು ಹೇಳುವಷ್ಟು ಸಲಿಗೆ ನನಗಿದೆಯೇ?

ಪ್ರಶ್ನೆ: ಮಕ್ಕಳಿಗೆ ಪೋಡು ತೋರಿಸಬೇಕೆಂದಿದೆ. ನೇರವಾಗಿ ಹೋಗಬಹುದೇ? — ಓದುಗರು, ಮಂಡ್ಯ

ನಿಮ್ಮ ಮನೆಯ ಅಡುಗೆಮನೆ ನೋಡಲು ಅಪರಿಚಿತರು ನೇರವಾಗಿ ಬರಬಹುದೇ?

ಪ್ರಶ್ನೆ: ಕಾಡಿನೊಳಗೆ ಆಸ್ಪತ್ರೆಯಿಲ್ಲ, ಶಾಲೆಯಿಲ್ಲ, ಆನೆ ಕಾಟ. ಪರಿಹಾರ ಕೊಟ್ಟು ಹೊರಗೆ ಮನೆ ಕಟ್ಟಿಕೊಟ್ಟರೆ ಅವರಿಗೇ ಒಳ್ಳೆಯದಲ್ಲವೇ? — ಓದುಗರು, ಪಿರಿಯಾಪಟ್ಟಣ

ಹೋಗಬೇಕೆನ್ನುವವರು ಹೋಗಲಿ; ಹೋದವರಲ್ಲಿ ಚೆನ್ನಾಗಿರುವವರೂ ಇದ್ದಾರೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಕಾನೂನು ಕೇಳುವುದು ಎರಡನ್ನು: ಮೊದಲು ಹಕ್ಕು ಇತ್ಯರ್ಥವಾಗಲಿ, ಆಮೇಲೆ ಅವರು ತಿಳಿದು, ಮನಸ್ಸಾರೆ ಒಪ್ಪಲಿ. ನಾಗರಹೊಳೆಯಲ್ಲಿ ಆದದ್ದು ಉಲ್ಟಾ. ಹೈಕೋರ್ಟ್ ನೇಮಿಸಿದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ 3,418 ಕುಟುಂಬಗಳು ಒಕ್ಕಲೆದ್ದಿವೆ ಎಂದು ಗುರುತಿಸಿತು. ಹಾಡಿಗಳನ್ನು ಎಬ್ಬಿಸಿದ ಅದೇ ಉದ್ಯಾನದೊಳಗೆ ತೊಂಬತ್ತರ ದಶಕದಲ್ಲಿ ಹೆಸರಾಂತ ಹೋಟೆಲ್ ಕಂಪನಿಯೊಂದರ ರೆಸಾರ್ಟು ಏಳುತ್ತಿತ್ತು. ಆದಿವಾಸಿಗಳು ಬೀದಿಗಿಳಿದರು, 1997ರಲ್ಲಿ ಹೈಕೋರ್ಟ್ ಅದನ್ನು ತಡೆಯಿತು. ಜೇನುಕುರುಬರಿಗೆ ಹುಲಿ ಕೆಡುತ್ತದೆ, ಹೋಟೆಲಿಗೆ ಕೆಡುವುದಿಲ್ಲ ಎಂಬ ತರ್ಕ ನನಗೆ ಇಂದಿಗೂ ಅರ್ಥವಾಗಿಲ್ಲ. 2025ರ ಮೇ ತಿಂಗಳಲ್ಲಿ 52 ಜೇನುಕುರುಬ ಕುಟುಂಬಗಳು ಕರಡಿಕಲ್ಲು ಅತ್ತೂರು ಕೊಲ್ಲಿಗೆ ಮರಳಿ ಗುಡಿಸಲು ಹಾಕಿದ್ದು ಸುದ್ದಿಯಾಯಿತು. ನಲವತ್ತು ವರ್ಷ ಹೊರಗೆ ಲೈನುಮನೆಗಳಲ್ಲಿ ಕೂಲಿ ಮಾಡಿದ ಮೇಲೂ ಸತ್ತ ಹಿರಿಯರ ನೆಲಕ್ಕೆ ಬರುತ್ತೇವೆ ಎನ್ನುವವರಿಗೆ ಅವರ ಒಳ್ಳೆಯದು ಏನೆಂದು ನಾವು ಹೇಳಿಕೊಡಬೇಕೇ? ಇನ್ನು ಶಾಲೆ, ಆಸ್ಪತ್ರೆ: ಅರಣ್ಯ ಹಕ್ಕು ಕಾಯ್ದೆಯ 3ನೇ ಕಲಮಿನಲ್ಲಿ ಶಾಲೆ, ಅಂಗನವಾಡಿ, ರಸ್ತೆ, ಕುಡಿಯುವ ನೀರಿಗಾಗಿ ಗ್ರಾಮಸಭೆಯ ಶಿಫಾರಸಿನ ಮೇಲೆ ಅರಣ್ಯಭೂಮಿ ಕೊಡಲು ದಾರಿಯಿದೆ. ಕೊಡಲಿಲ್ಲ ಎಂಬುದನ್ನೇ ಹೊರಹಾಕಲು ಕಾರಣ ಮಾಡಿಕೊಳ್ಳಬಾರದು.

ಪ್ರಶ್ನೆ: ಮಲೆನಾಡಿನ ಸಾಗುವಳಿದಾರರಾದ ನಮಗೂ ಅರಣ್ಯ ಹಕ್ಕು ಕಾಯ್ದೆ ಅನ್ವಯವೇ? — ಓದುಗರು, ಸಾಗರ

ಪರಿಶಿಷ್ಟ ಪಂಗಡದವರಲ್ಲದಿದ್ದರೆ 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಆ ಕಾಡಿನಲ್ಲೇ ನೆಲೆಸಿ ಅದನ್ನೇ ನೆಚ್ಚಿ ಬದುಕಿದ್ದನ್ನು ತೋರಿಸಬೇಕು. ಎಂಬತ್ತರ ದಶಕದಲ್ಲಿ ಅಡಿಕೆ ಹಾಕಿದವರಿಗೆ ಇದು ದಾರಿಯಲ್ಲ.

ಪ್ರಶ್ನೆ: ಅಮ್ಮಾ, ನಮ್ಮ ಪೋಡಿನಿಂದ ಸಮುದಾಯ ಅರಣ್ಯ ಸಂಪನ್ಮೂಲದ ಹಕ್ಕಿಗೆ ಅರ್ಜಿ ಕೊಟ್ಟು ವರ್ಷಗಳಾದವು. ‘ಪಂಚಾಯಿತಿ ಗ್ರಾಮಸಭೆಯಲ್ಲಿ ಆಗಬೇಕಿತ್ತು, ಉಪಗ್ರಹ ಚಿತ್ರವಿಲ್ಲ’ ಎಂದು ಬಾಯಲ್ಲೇ ಹೇಳಿ ಕಳುಹಿಸುತ್ತಾರೆ. ಏನು ಮಾಡಲಿ? — ಪದವೀಧರ ಸೋಲಿಗ ಯುವಕ, ಚಾಮರಾಜನಗರ ಜಿಲ್ಲೆ

ತಮ್ಮಾ, ಮೊದಲು ಬಾಯಲ್ಲಿ ಹೇಳಿದ್ದಕ್ಕೆ ಕಿವಿಗೊಡುವುದನ್ನು ನಿಲ್ಲಿಸು. ಬರಹದಲ್ಲಿ ಕೊಡಿ ಎಂದು ಬರಹದಲ್ಲಿ ಕೇಳು, ಪ್ರತಿಯ ಮೇಲೆ ಸ್ವೀಕೃತಿ ಹಾಕಿಸಿಕೊ. ಅರಣ್ಯ ಹಕ್ಕು ನಿಯಮಗಳ 12ಎ ನಿಯಮದಂತೆ ನಿರಾಕರಣೆಗೆ ಕಾರಣಗಳನ್ನು ವಿವರವಾಗಿ ಬರೆಯಲೇಬೇಕು. ಸಭೆಯ ಶಿಫಾರಸು ಅಪೂರ್ಣ ಎನಿಸಿದರೆ ಉಪವಿಭಾಗ ಸಮಿತಿ ಅದನ್ನು ತಳ್ಳಿಹಾಕುವಂತಿಲ್ಲ, ಮರುಪರಿಶೀಲನೆಗೆ ನಿಮ್ಮ ಸಭೆಗೇ ಹಿಂದಿರುಗಿಸಬೇಕು. ಉಪಗ್ರಹ ಚಿತ್ರ ಇತರ ಸಾಕ್ಷ್ಯಕ್ಕೆ ಪೂರಕ ಮಾತ್ರ. ಇಂಥದೇ ದಾಖಲೆ ತಾ ಎಂದು ಹಟ ಹಿಡಿಯಬಾರದು ಎಂದು ಅದೇ ನಿಯಮ ಹೇಳುತ್ತದೆ.

ಪಂಚಾಯಿತಿಯ ಮಾತು ನನಗೆ ಹೊಸದಲ್ಲ. ಹತ್ತು ಹಳ್ಳಿ ಸೇರಿದ ಪಂಚಾಯಿತಿಯ ಸಭೆಯಲ್ಲಿ ನಿಮ್ಮ ಪೋಡಿನ ಇಪ್ಪತ್ತು ಕೈಗಳು ಮೇಲೆದ್ದರೆ ಯಾರಿಗೆ ಕಾಣುತ್ತವೆ? ಅದಕ್ಕೆಂದೇ 2012ರ ತಿದ್ದುಪಡಿಯಾದ ಮೇಲೆ ಪೋಡು, ಹಾಡಿ, ಕಾಲೋನಿಗಳ ಮಟ್ಟದಲ್ಲೇ ಸಭೆ ನಡೆಯಬೇಕು ಎಂದು ಒತ್ತಿ ಹೇಳಲಾಗಿದೆ. ನಿಮ್ಮ ಸಭೆಯಲ್ಲಿ ಅರ್ಧದಷ್ಟು ಸದಸ್ಯರು ಹಾಜರಿದ್ದರೇ, ಬಂದವರಲ್ಲಿ ಮೂರನೇ ಒಂದು ಪಾಲು ಹೆಂಗಸರಿದ್ದರೇ, ಅರಣ್ಯ ಹಕ್ಕು ಸಮಿತಿಯಲ್ಲಿ ಮೂರನೇ ಎರಡು ಪಾಲು ಪರಿಶಿಷ್ಟ ಪಂಗಡದವರಿದ್ದರೇ ಎಂದು ನಡಾವಳಿ ಪುಸ್ತಕ ತೆರೆದು ನೋಡು. ಸಹಿ, ಹೆಬ್ಬೆಟ್ಟುಗಳನ್ನು ಎಣಿಸು. ಎಷ್ಟೋ ಅರ್ಜಿಗಳು ಕಾಡಿನ ಹಕ್ಕಿಲ್ಲದೆ ಬಿದ್ದದ್ದಲ್ಲ, ಕೋರಂ ಬರೆಯದೆ ಬಿದ್ದವು. ಇದು ಹೇಳಲು ಬೇಸರ, ಆದರೆ ಎದುರಿನವರು ಮೊದಲು ಹುಡುಕುವುದು ಅದನ್ನೇ. ನಿಮ್ಮ ಅರ್ಜಿ ನಮೂನೆ ‘ಸಿ’ಯಲ್ಲಿ ಇರಬೇಕು, ‘ಬಿ’ ಸಮುದಾಯದ ಬಳಕೆಯ ಹಕ್ಕುಗಳಿಗೆ, ಕಾಡನ್ನು ಕಾಯುವ, ನಿರ್ವಹಿಸುವ ಹಕ್ಕು ‘ಸಿ’ಯಲ್ಲಿ. ಬಹಳ ಕಡೆ ‘ಬಿ’ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಕೊಯ್ದುಕೊಳ್ಳಿ ಎನ್ನುವುದಕ್ಕೂ ನೀವೇ ನೋಡಿಕೊಳ್ಳಿ ಎನ್ನುವುದಕ್ಕೂ ಇರುವ ಅಂತರ ಅದು. ಆಡಳಿತ ಇರುವುದು ಎರಡನೆಯದರಲ್ಲಿ.

ಕುಲಗಳ ಎಲ್ಲೆಗಳ ನಕ್ಷೆ ನಿಮ್ಮಲ್ಲೇ ಹಲವರ ಬಳಿ ಇದೆ. ದೇವರು, ಮಾರಮ್ಮ, ಅಬ್ಬಿಗಳನ್ನು ಗುರುತಿಸಿದ ಆ ನಕ್ಷೆಯನ್ನು ಅರ್ಜಿಗೆ ಲಗತ್ತಿಸು. ಅರ್ಜಿದಾರರಲ್ಲದ ಹಿರಿಯರಿಬ್ಬರ ಹೇಳಿಕೆ ಬರೆಸಿ ಹೆಬ್ಬೆಟ್ಟು ಹಾಕಿಸು. ಬರಹದಲ್ಲಿ ತಿರಸ್ಕಾರ ಬಂದರೆ ಒಳ್ಳೆಯದೇ ಆಯಿತು ಎಂದುಕೊ: ಉಪವಿಭಾಗ ಸಮಿತಿಯ ತೀರ್ಮಾನದ ಮೇಲೆ ಜಿಲ್ಲಾ ಸಮಿತಿಗೆ ಮೇಲ್ಮನವಿ ಹಾಕಲು ಅರವತ್ತು ದಿನ ಸಿಗುತ್ತದೆ. ಆ ಅರವತ್ತು ದಿನ ಶುರುವಾಗುವುದು ಕಾಗದ ಕೈಗೆ ಬಂದ ಮೇಲೆ. ಬಾಯಿಮಾತಿಗೆ ಮೇಲ್ಮನವಿ ಇಲ್ಲ, ಅವರು ಬರೆದುಕೊಡದಿರುವುದು ಅದಕ್ಕೇ. ಮುಂದಿನ ಸಭೆಯ ನಡಾವಳಿಯ ಪ್ರತಿಯನ್ನು ಪತ್ರಿಕೆಯ ವಿಳಾಸಕ್ಕೆ ಕಳುಹಿಸು, ಓದಿ ಗುರುತು ಹಾಕಿ ವಾಪಸು ಕಳುಹಿಸುತ್ತೇನೆ.